ಕಿರಂಗೂರಿನ ಕೂಡುದಾರಿ: ಪ್ರಾದೇಶಿಕ ಆರ್ಥಿಕ ಸಂಯೋಜನೆಯೂ ದುಡಿಮೆಯ ಬಾಳೂ

ಶ್ರೀರಂಗಪಟ್ಟಣದ ತಾಲ್ಲೂಕಿಗೆ ಸೇರಿದ ಕಿರಂಗೂರು ದೊಡ್ಡ ಊರೇನೂ ಅಲ್ಲ. ಶ್ರೀರಂಗಪಟ್ಟಣದ ದಸರಾ ಮೆರವಣಿಗೆ ಇಲ್ಲಿಯ ಬನ್ನಿಮಂಟಪದಿಂದ ಹೊರಡುವುದರಿಂದ ವರ್ಷಕ್ಕೊಮ್ಮೆ ಅದರ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಉಳಿದ ದಿನಗಳಲ್ಲಿ ಜನರು ಅದನ್ನು ಬಲ್ಲುದು ಒಂದು ಕೂಡುದಾರಿಯ ಹೆಸರಾಗಿ. ಪಾಂಡವಪುರ ನಾಗಮಂಗಲಗಳ ಕಡೆಯಿಂದ ಬರುವ ರಸ್ತೆ ಬೆಂಗಳೂರು ಮೈಸೂರುಗಳ ನಡುವಣ ಹೆದ್ದಾರಿಯನ್ನು ಸೇರುವುದು ಇಲ್ಲಿ. ಕಬ್ಬಿಗೆ ಬೆಲೆ ಬೇಕೆಂದೋ ಕಾವೇರಿಯ ನೀರು ಉಳಿಯಬೇಕೆಂದೋ ರೈತರು ಚಳವಳಿ ಹೂಡಿದಾಗ ಬಂದು ಕುಳಿತುಕೊಳ್ಳುವುದೂ ಇಂಥ ಕೂಡುದಾರಿಗಳಲ್ಲಿಯೇ. ಅದು ಸಹಜವಾಗಿದೆ. ಒಂದು ಸೀಮೆಯ ಬದುಕು ಹೊರಗಿನ ಪೇಟೆಯೊಡನೆ ಹೆಣೆದುಕೊಂಡಿರುವ ಗಂಟು ಕಣ್ಣಿಗೆ ಕಾಣುವ ಸ್ಥಳ ಅದೊಂದೇ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಾದೇಶಿಕ ಆರ್ಥಿಕ ಸಂಯೋಜನೆ ಎಂದೊಡನೆ ನೆನಪಾಗುವುದು ಯೂರೋಪಿನ ಆರು ರಾಷ್ಟ್ರಗಳು 1957ರಲ್ಲಿ ರೋಮ್ ನಗರದಲ್ಲಿ ಮಾಡಿಕೊಂಡ ಒಪ್ಪಂದ. ಸುಂಕದ ಗೋಡೆಗಳನ್ನು ಕೆಡಹಿ, ಸರಕೂ ಬಂಡವಾಳವೂ ದುಡಿಯುವ ಜನರೂ ತಡೆಯಿಲ್ಲದೆ ಓಡಾಡುವಂತೆ ಮಾಡುವುದು ಅದರ ಗುರಿಯಾಗಿದ್ದಿತು. ಆದರೆ ಇದೇ ಕ್ರಿಯೆ ಒಂದು ರಾಷ್ಟ್ರದ ಒಳಗೂ, ಒಂದು ಜಿಲ್ಲೆಯ ಒಳಗೂ ನಡೆಯುತ್ತದೆ. ಅಲ್ಲಿಯ ಗೋಡೆ ಬಹುಮಟ್ಟಿಗೆ ದೂರದ್ದು ಅಥವಾ ನೀರಿನ ಅಭಾವದ್ದು. ಅದನ್ನು ಕೆಡಹುವ ಸಾಧನಗಳು ನಾಲೆ, ರೈಲು, ಕಾರ್ಖಾನೆ, ರಸ್ತೆ.

ಇದರ ಪರಿಣಾಮವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಪೇಟೆ ಹಿರಿದಾದಷ್ಟೂ ಶ್ರಮವಿಭಜನೆ ಹೆಚ್ಚುತ್ತದೆ, ಅದರಿಂದ ಹುಟ್ಟುವಳಿ ಹೆಚ್ಚುತ್ತದೆ ಎಂಬುದು ಆಡಂ ಸ್ಮಿತ್‌ನ ಕಾಲದಿಂದ ಬಂದ ಮಾತು. ಸುಂಕದ ಒಕ್ಕೂಟಗಳು ಕೆಲವೊಮ್ಮೆ ಅಗ್ಗವಾಗಿ ಉತ್ಪಾದಿಸುವ ಹೊರಗಿನವನನ್ನು ಬಿಟ್ಟು ದುಬಾರಿಯಾದ ಒಳಗಿನವನ ಕಡೆಗೆ ವ್ಯಾಪಾರವನ್ನು ತಿರುಗಿಸುತ್ತವೆ ಎಂದು ಜೇಕಬ್ ವೈನರ್ 1950ರಲ್ಲಿ ಎಚ್ಚರಿಸಿದನು. ಗುನ್ನಾರ್ ಮಿರ್ಡಾಲನು 1957ರಲ್ಲಿ ಇನ್ನೂ ಮುಂದೆ ಹೋಗಿ, ಬೆಳೆಯುವ ಕೇಂದ್ರವು ಸುತ್ತಣ ಸೀಮೆಗೆ ತನ್ನ ಏಳಿಗೆಯನ್ನು ಹರಡುವುದುಂಟು, ಅಲ್ಲಿಯ ಬಂಡವಾಳವನ್ನೂ ಯುವಜನರನ್ನೂ ಹೀರಿಕೊಳ್ಳುವುದೂ ಉಂಟು, ಬಡ ದೇಶಗಳಲ್ಲಿ ಹೀರುವ ಪರಿಣಾಮವೇ ಬಲವಾಗಿರುತ್ತದೆ ಎಂದನು. ಪ್ರಕೃತ ಲೇಖನದಲ್ಲಿ ಈ ವಾದಗಳನ್ನು ತೂಗಿ ನೋಡುವ ಉದ್ದೇಶವಿಲ್ಲ. ಒಂದು ಸೀಮೆಗೆ ಒಟ್ಟಿನಲ್ಲಿ ಲಾಭವಾಯಿತೆ ನಷ್ಟವಾಯಿತೆ ಎಂದು ಕೇಳುವುದು ಅರ್ಧ ಪ್ರಶ್ನೆ ಮಾತ್ರ. ಆ ಸೀಮೆಯು ಹೊರಗಿನ ಪೇಟೆಗೆ ಕಳುಹಿಸುವುದು ಸರಕನ್ನೋ, ಜನರನ್ನೋ? ಕಳುಹಿಸಿದುದಕ್ಕೆ ಬೆಲೆ ಗೊತ್ತಾಗುವುದು ಎಲ್ಲಿ? ಹಣ ಕೈಸೇರುವುದು ಎಷ್ಟು ದಿನಕ್ಕೆ? ಇವನ್ನು ಕೇಳಿದಾಗಲೇ ದುಡಿಮೆಯ ಬಾಳು ಹೇಗೆ ಮಾರ್ಪಟ್ಟಿತೆಂಬುದು ತಿಳಿಯುತ್ತದೆ. ಕಿರಂಗೂರಿನಲ್ಲಿ ಕೂಡುವ ದಾರಿಗಳ ಸೀಮೆ, ಎಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳು, ಇದಕ್ಕೆ ಒಳ್ಳೆಯ ನಿದರ್ಶನ.

ಹೀರುವ ಪರಿಣಾಮ ಈ ಸೀಮೆಗೆ ಹೊಸದಲ್ಲ. 1799ಕ್ಕೆ ಮುಂಚೆ ಶ್ರೀರಂಗಪಟ್ಟಣವೇ ಕೇಂದ್ರ. ಟಿಪ್ಪುವು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಕರೆತಂದು ದ್ವೀಪದಲ್ಲಿ ಗಂಜಾಂ ಪೇಟೆಯನ್ನು ತುಂಬಿಸಿದನೆಂದು ಗ್ಯಾಸೆಟಿಯರು ಹೇಳುತ್ತದೆ. ರಾಜಧಾನಿ ಮೈಸೂರಿಗೆ ಹೋದ ಮರುವರ್ಷ, 1800ರಲ್ಲಿ, ಬುಕಾನನ್ ಇಲ್ಲಿಗೆ ಬಂದನು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷದಷ್ಟಿದ್ದಿರಬಹುದೆಂದು ಅವನು ಊಹಿಸಿದ ಜನಸಂಖ್ಯೆ ಆಗ ಸುಮಾರು 32 ಸಾವಿರಕ್ಕೆ ಇಳಿದಿದ್ದಿತು. ಆಸ್ಥಾನವನ್ನೂ ದಂಡನ್ನೂ ನಂಬಿದ್ದ ಕಸುಬುದಾರರಿಗೆ ಕೊಳ್ಳುವವರೇ ಇಲ್ಲವಾದರು. ಭೂಮಿ ಅಲ್ಲಿಯೇ ಇತ್ತು, ಹೊಳೆ ಅಲ್ಲಿಯೇ ಇತ್ತು. ಪೇಟೆ ಮಾತ್ರ ಎದ್ದುಹೋಯಿತು. ಮುಂದೆ ದಂಡೂ ಬೆಂಗಳೂರಿಗೆ ಹೋಯಿತು. 1876–78ರ ಮಹಾಕ್ಷಾಮದ ಬೆನ್ನಿಗೆ ಆರಂಭವಾಗಿ 1882ರಲ್ಲಿ ಮೈಸೂರನ್ನು ಮುಟ್ಟಿದ ರೈಲು ಈ ದ್ವೀಪದ ಮೂಲಕವೇ ಹಾದುಹೋದರೂ ಹೋದ ಪೇಟೆ ಮರಳಿ ಬರಲಿಲ್ಲ.

ಈ ಸೀಮೆಯನ್ನು ನಿಜವಾಗಿ ಹೊರಗಿನ ಪೇಟೆಗೆ ಕಟ್ಟಿದುದು ನೀರು ಮತ್ತು ಸಕ್ಕರೆ. ಕನ್ನಂಬಾಡಿಯ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಗಿ ಎರಡು ದಶಕಗಳು ನಡೆಯಿತು. ಅದರಿಂದ ಹೊರಟ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಸುಮಾರು 1 ಲಕ್ಷ 20 ಸಾವಿರ ಎಕರೆಗೆ ನೀರುಣಿಸಲೆಂದು ಯೋಜಿತವಾದುದು. ರಾಗಿಯ ಬೆದ್ದಲು ಗದ್ದೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದಲೂ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದಲೂ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದುದೂ ಈ ಹೊಸ ಸಂಪತ್ತಿನ ಬೆನ್ನಿಗೆ ಬಂದ ಸಂಗತಿ.

ಇಲ್ಲಿ ಸಾಮಾನ್ಯವಾಗಿ ಮರೆಯಲಾಗುವ ಒಂದು ಅಂಶವುಂಟು. 1932ರಲ್ಲಿ ಬ್ರಿಟಿಷ್ ಇಂಡಿಯ ಸರ್ಕಾರವು ಸಕ್ಕರೆ ಕೈಗಾರಿಕೆಗೆ ರಕ್ಷಣಾ ಸುಂಕವನ್ನು ವಿಧಿಸಿತು. ಅದುವರೆಗೆ ಈ ದೇಶದ ಪೇಟೆಯಲ್ಲಿ ಹರಡಿಕೊಂಡಿದ್ದುದು ಜಾವಾದ ಸಕ್ಕರೆ. ಅದು ನಮ್ಮದಕ್ಕಿಂತ ಅಗ್ಗ. ಕಡಲತೀರವಿಲ್ಲದ ಮೈಸೂರು ಸಂಸ್ಥಾನಕ್ಕೆ ಹೊರದೇಶದ ಸರಕು ಬರಬೇಕಾದುದು ಬ್ರಿಟಿಷ್ ಇಂಡಿಯದ ಬಂದರುಗಳ ಮೂಲಕವಾದುದರಿಂದ ಆ ಸುಂಕದ ಆಸರೆ ಮಂಡ್ಯಕ್ಕೂ ದೊರೆಯಿತು. ದೇಶದಲ್ಲಿ ಸಕ್ಕರೆ ಕಾರ್ಖಾನೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ನೂರನ್ನು ದಾಟಿತು. ವೈನರನ ಲೆಕ್ಕದಲ್ಲಿ ಇದು ವ್ಯಾಪಾರದ ಸೃಷ್ಟಿಯಲ್ಲ, ವ್ಯಾಪಾರದ ತಿರುವು. ಕೊಳ್ಳುವವನು ಹೆಚ್ಚು ಬೆಲೆ ತೆತ್ತನು. ಆದರೆ ಆ ಹೆಚ್ಚು ಬೆಲೆಯಲ್ಲಿ ಮಂಡ್ಯದ ರೈತನ ಮನೆಗೆ ಹಂಚಿನ ಮಾಡು ಬಂದಿತು, ಆತನ ಮಗನು ಶಾಲೆಗೆ ಹೋದನು. ಸಿದ್ಧಾಂತದ ನಷ್ಟ ಒಂದು ಸೀಮೆಯ ಭಾಗ್ಯವಾಗಬಹುದೆಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆಯನ್ನು ತರಗತಿಯಲ್ಲಿ ಹೇಳುವುದು ಕಷ್ಟ. ಇಷ್ಟು ಮಾತ್ರ ಜೊತೆಗೆ ಹೇಳಬೇಕು: ಅಂದಿನಿಂದ ಈ ಸೀಮೆಯ ಬದುಕು ದೂರದ ರಾಜಧಾನಿಯಲ್ಲಿ ಬರೆಯಲಾಗುವ ಸುಂಕದ ಒಂದು ಸಾಲಿಗೆ ಕಟ್ಟುಬಿದ್ದಿತು.

ನೀರು ಬಂದ ಊರು, ನೀರು ಬಾರದ ಊರು ಇವೆರಡೂ ಒಂದೇ ಸಂಯೋಜನೆಯೊಳಗೆ ಹೇಗೆ ಬೇರೆ ಬೇರೆಯಾಗಿ ಬದಲಾದುವೆಂಬುದನ್ನು ಮೊದಲು ವಿಶದವಾಗಿ ತೋರಿಸಿದವರು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಸ್ಕಾರ್ಲೆಟ್ ಎಪ್‌ಸ್ಟೈನ್. 1954ರಿಂದ 1956ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ಆಕೆ ಅಧ್ಯಯನ ನಡೆಸಿ, ಅವುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟು 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ವಂಗಲಕ್ಕೆ ನಾಲೆಯ ನೀರು ಬಂದಿತು. ಸುತ್ತ ಗದ್ದೆಗಳಿದ್ದರೂ ದಲೇನದ ಭೂಮಿ ಎತ್ತರದಲ್ಲಿದ್ದುದರಿಂದ ಅದು ಬೆದ್ದಲಾಗಿಯೇ ಉಳಿಯಿತು.

ವಂಗಲದಲ್ಲಿ ವರಮಾನ ಬಹಳ ಹೆಚ್ಚಿತು, ಆದರೆ ಕೆಲಸದ ಸ್ವರೂಪ ಬದಲಾಗಲಿಲ್ಲ. ಒಕ್ಕಲಿಗನು ಒಕ್ಕಲಿಗನಾಗಿಯೇ ಉಳಿದನು; ರಾಗಿಯ ಬದಲು ಕಬ್ಬನ್ನೂ ಭತ್ತವನ್ನೂ ಬೆಳೆದನು. ಕಾರ್ಖಾನೆಯೊಡನೆ ಕರಾರು ಮಾಡಿಕೊಂಡು ಮುಂಗಡವನ್ನೂ ಗೊಬ್ಬರವನ್ನೂ ಪಡೆದನು. ಗದ್ದೆಗೆ ಆಳು ಹೆಚ್ಚು ಬೇಕಾದುದರಿಂದ, ಒಕ್ಕಲಿಗರ ಮನೆಗಳಿಗೂ ಆದಿಕರ್ನಾಟಕ ಕುಟುಂಬಗಳಿಗೂ ತಲೆಮಾರುಗಳಿಂದ ಬಂದಿದ್ದ ‘ಹಳೇಮಗ’ ಎಂಬ ಸಂಬಂಧ ಸಡಿಲವಾಗುವ ಬದಲು ಉಳಿದುಕೊಂಡಿತು. ಊರಿನ ಯಜಮಾನಿಕೆಯೂ ಹಾಗೆಯೇ ಉಳಿಯಿತು. ದಲೇನದಲ್ಲಿ ಇದಕ್ಕೆ ವಿಪರೀತ. ನೀರಿಲ್ಲದವರು ಊರಿನಾಚೆ ನೋಡಲೇಬೇಕಾಯಿತು. ಕೆಲವರು ಮಂಡ್ಯದ ಕಾರ್ಖಾನೆಗೂ ಕಛೇರಿಗಳಿಗೂ ಸೇರಿದರು. ಕೆಲವರು ಗಾಡಿ ಹೂಡಿ ಅಕ್ಕಪಕ್ಕದ ಊರುಗಳ ಕಬ್ಬನ್ನು ಸಾಗಿಸಿದರು. ಹಿಟ್ಟಿನ ಗಿರಣಿ, ದನದ ವ್ಯಾಪಾರ, ನೀರಾವರಿ ಊರುಗಳಲ್ಲಿ ಜಮೀನಿನ ಖರೀದಿ ಇವೆಲ್ಲವೂ ನಡೆದುವು. ಮನೆತನದ ಹಿರಿಯನ ಮಾತಿಗಿಂತ ಪೇಟೆಯಲ್ಲಿ ಪರಿಚಯವುಳ್ಳವನ ಮಾತಿಗೆ ಬೆಲೆ ಬಂದಿತು; ಹಳೆಯ ಆಳು-ಒಡೆಯರ ಕಟ್ಟು ಬಿಚ್ಚಿಹೋಯಿತು.

ಇದನ್ನು ಓದಿದ ವಿದ್ಯಾರ್ಥಿಗಳು ಒಣಭೂಮಿಯ ಊರೇ ಮುಂದುವರಿಯಿತೆಂದು ತೀರ್ಮಾನಿಸುವುದುಂಟು. ಅದು ಆತುರದ ತೀರ್ಮಾನ. ಎಪ್‌ಸ್ಟೈನ್ 1970ರಲ್ಲಿ ಮರಳಿ ಬಂದು ನೋಡಿದಾಗ ಎರಡು ಊರುಗಳಲ್ಲಿಯೂ ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಹಿಗ್ಗಿದ್ದಿತು. ಪರಂಪರೆಯ ಸಂಬಂಧ ದಬ್ಬಾಳಿಕೆಯದಾಗಿದ್ದರೂ ಕೆಟ್ಟ ವರ್ಷದಲ್ಲಿ ಒಂದು ಪಾಲು ಕಾಳನ್ನು ಕೊಡುತ್ತಿದ್ದಿತು. ಅದು ಹೋದ ಮೇಲೆ ಆ ಸ್ಥಾನಕ್ಕೆ ಬಂದುದು ದಿನಗೂಲಿ. ಕೂಲಿಯುಳ್ಳ ದಿನ ಹೆಚ್ಚು, ಇಲ್ಲದ ದಿನ ಏನೂ ಇಲ್ಲ. ಬಿಡುಗಡೆ ಮತ್ತು ಅಭದ್ರತೆ ಒಂದೇ ಬಾಗಿಲಿನಿಂದ ಒಳಬಂದುವು.

ಎರಡು ಊರುಗಳ ಈ ಚಿತ್ರವನ್ನು ತಾಲ್ಲೂಕುಗಳಿಗೆ ಹಿಗ್ಗಿಸಿ ನೋಡಬಹುದು. ಶ್ರೀರಂಗಪಟ್ಟಣವೂ ಪಾಂಡವಪುರದ ಬಹುಭಾಗವೂ ನಾಲೆಗಳ ಸೀಮೆ. ನಾಗಮಂಗಲವು ಮುಖ್ಯವಾಗಿ ಮಳೆಯನ್ನೂ ಕೆರೆಯನ್ನೂ ನಂಬಿದ ಸೀಮೆ. ಹೇಮಾವತಿಯ ನೀರು ಬಂದುದು ಈಚೆಗೆ, ಅದೂ ಎಲ್ಲಕ್ಕೂ ಅಲ್ಲ. ಕೃಷ್ಣರಾಜಪೇಟೆಯಲ್ಲಿಯೂ ಹೊಳೆಯ ಹಳೆಯ ನಾಲೆಗಳ ಭಾಗವನ್ನು ಬಿಟ್ಟರೆ ಒಣಭೂಮಿ ಬಹಳ. ನಾಲೆಯ ಸೀಮೆ ಹೊರಗಿನ ಪೇಟೆಗೆ ಕಬ್ಬನ್ನೂ ಬೆಲ್ಲವನ್ನೂ ಭತ್ತವನ್ನೂ ಕಳುಹಿಸಿತು. ಒಣಸೀಮೆ ತನ್ನ ಮಕ್ಕಳನ್ನು ಕಳುಹಿಸಿತು: ಬೆಂಗಳೂರಿಗೆ, ಅದಕ್ಕಿಂತ ದೂರದ ಮುಂಬಯಿಗೆ. ಕೃಷ್ಣರಾಜಪೇಟೆಗೂ ಮುಂಬಯಿಗೂ ಇರುವ ಈ ನಂಟನ್ನು ಹೊರಗಿನವರು ಬಹುಮಟ್ಟಿಗೆ ಅರಿತಿರಲಿಲ್ಲ. 2020ರ ಮೇ ತಿಂಗಳಲ್ಲಿ ಕೋವಿಡ್ ಕಾರಣದಿಂದ ಮುಂಬಯಿಯ ದುಡಿಮೆ ನಿಂತು ಜನ ಊರಿಗೆ ಮರಳಿದಾಗ ಮಂಡ್ಯ ಜಿಲ್ಲೆಯ ರೋಗಿಗಳಲ್ಲಿ ಬಹುಪಾಲು ಅವರೇ ಆದುದರಿಂದ ಅದು ಪತ್ರಿಕೆಗಳಲ್ಲಿ ಬಂದಿತು. ಹೋಟೆಲಿನ ಕೆಲಸ, ಆಟೋ ಓಡಿಸುವುದು ಮುಂತಾದ ದುಡಿಮೆಯಿಂದ ತಿಂಗಳು ತಿಂಗಳು ಬರುತ್ತಿದ್ದ ಹಣದ ಮೇಲೆ ಎಷ್ಟು ಮನೆಗಳು ನಿಂತಿದ್ದುವೆಂಬುದು, ಆ ಹಣ ನಿಂತಾಗ ಗೋಚರವಾಯಿತು.

ಆದೇ ವರ್ಷ, ಒಂದು ತಿಂಗಳ ಅಂತರದಲ್ಲಿ, ನಾಲೆಯ ಸೀಮೆಯಲ್ಲಿಯೂ ಇಂಥದೇ ಒಂದು ಪ್ರಸಂಗ ನಡೆಯಿತು. ಶ್ರೀರಂಗಪಟ್ಟಣದ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ 1,200ಕ್ಕೂ ಹೆಚ್ಚು ಕಾರ್ಮಿಕರಿದ್ದರು. ಅವರಲ್ಲಿ ಅತಿಹೆಚ್ಚಿನವರು ಸ್ತ್ರೀಯರು. ಅವರು ಹೊಲಿಯುತ್ತಿದ್ದ ಉಡುಪಿನಲ್ಲಿ ಹೆಚ್ಚಿನ ಪಾಲು ಹೋಗುತ್ತಿದ್ದುದು ಸ್ವೀಡನ್ ದೇಶದ ಒಂದು ದೊಡ್ಡ ಉಡುಪು ಸಂಸ್ಥೆಗೆ. 2020ರ ಜೂನ್ ತಿಂಗಳಲ್ಲಿ ಬೇಡಿಕೆಗಳು ಕುಸಿದುವೆಂಬ ಕಾರಣವನ್ನು ಹೇಳಿ ಆಡಳಿತವರ್ಗವು ಕೆಲಸವನ್ನು ನಿಲ್ಲಿಸಿತು. ನೂರಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ಸರ್ಕಾರದ ಅನುಮತಿಯಿಲ್ಲದೆ ಹೀಗೆ ಮಾಡುವುದು ಕಾನೂನಿಗೆ ವಿರುದ್ಧವೆಂದು ಕಾರ್ಮಿಕ ಸಂಘ ವಾದಿಸಿತು. ಹೆಂಗಸರು ಕಾರ್ಖಾನೆಯ ಬಾಗಿಲಲ್ಲಿ ವಾರಗಟ್ಟಲೆ ಧರಣಿ ಕುಳಿತರು. 2021ರ ಆದಿಭಾಗದಲ್ಲಿ ಆದ ಒಪ್ಪಂದದಂತೆ ಸಂಸ್ಥೆಯ ಇತರ ಘಟಕಗಳಲ್ಲಿ ಅವರಿಗೆ ಮತ್ತೆ ಕೆಲಸ ಕೊಡುವುದಾಯಿತು. ಶ್ರೀರಂಗಪಟ್ಟಣದ ಕಾರ್ಖಾನೆ ಮಾತ್ರ ತೆರೆಯಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಉದ್ಯೋಗ ಉಳಿಯಿತು. ಆದರೆ ಮನೆಯ ಸಮೀಪದ ಕೆಲಸಕ್ಕೂ ನಿತ್ಯ ಮೈಸೂರಿನವರೆಗೆ ಹೋಗಿಬರುವ ಕೆಲಸಕ್ಕೂ ಚಿಕ್ಕ ಮಕ್ಕಳ ತಾಯಿಯ ಬಾಳಿನಲ್ಲಿ ಇರುವ ಭೇದವನ್ನು ಉದ್ಯೋಗದ ಅಂಕಿಅಂಶಗಳು ಹೇಳುವುದಿಲ್ಲ.

ಈ ಎರಡು ಪ್ರಸಂಗಗಳಲ್ಲಿ ಪೆಟ್ಟು ಬಂದುದು ಕೂಲಿಯ ದಾರಿಯಿಂದ. ಕಬ್ಬಿನ ರೈತನಿಗೆ ಅದು ಬರುವುದು ಬೆಲೆಯ ದಾರಿಯಿಂದ, ಅದೂ ನಿಧಾನವಾಗಿ. ಕಬ್ಬು ನಾಟಿಯಿಂದ ಕಡಿತಕ್ಕೆ ವರ್ಷವನ್ನು ತೆಗೆದುಕೊಳ್ಳುತ್ತದೆ. ಕಡಿಯಲು ಕಾರ್ಖಾನೆಯ ಅಪ್ಪಣೆ ಬರಬೇಕು. ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. 1966ರ ಕಬ್ಬು ನಿಯಂತ್ರಣ ಆಜ್ಞೆಯಂತೆ ಕಬ್ಬು ತಲುಪಿದ 14 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ಬಡ್ಡಿ ಸಲ್ಲಬೇಕು. ಆದರೆ ಸಕ್ಕರೆಯ ಬೆಲೆ ಬಿದ್ದ ವರ್ಷ ಈ ಹದಿನಾಲ್ಕು ದಿನಗಳು ತಿಂಗಳುಗಳಾಗುತ್ತವೆ. 2014–15ರಲ್ಲಿ ದೇಶದಲ್ಲಿ ಸಕ್ಕರೆ ಮಿತಿಮೀರಿ ಉತ್ಪತ್ತಿಯಾಗಿ, ಹೊರದೇಶಗಳಲ್ಲಿಯೂ ಬೆಲೆ ಕುಸಿದು, ರೈತರಿಗೆ ಸಲ್ಲಬೇಕಾದ ಬಾಕಿ ದೇಶದಲ್ಲೆಲ್ಲ ಸೇರಿ 20 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತು. 2015ರ ಬೇಸಗೆಯಿಂದ ಮುಂದೆ ಮಂಡ್ಯ ಜಿಲ್ಲೆಯಲ್ಲಿ ಒಂದರ ಮೇಲೊಂದಾಗಿ ರೈತರ ಆತ್ಮಹತ್ಯೆಗಳು ನಡೆದುವು. ಅವುಗಳಿಗೆ ಕಾರಣ ಒಂದೇ ಅಲ್ಲ. ಕೊಳವೆಬಾವಿಯ ಸಾಲ, ಕೈಸಾಲದ ಬಡ್ಡಿ, ಮನೆಯ ಖರ್ಚು ಎಲ್ಲವೂ ಸೇರುತ್ತವೆ. ಆದರೆ ಇವೆಲ್ಲವೂ ಒಂದುಗೂಡುವುದು ಕಬ್ಬು ಹೋಗಿ ಹಣ ಬಾರದಿರುವ ಆ ನಡುವಣ ಅವಧಿಯಲ್ಲಿ. ಸಕ್ಕರೆಯ ಪೇಟೆ ಪ್ರಪಂಚದಷ್ಟು ವಿಸ್ತಾರವಾಗಿದ್ದರೂ, ಅದರ ಕಾಯುವಿಕೆಯ ಭಾರವನ್ನು ಹೊತ್ತವನು ಒಂದೆರಡು ಎಕರೆಯವನು. ಮುಂದೆ ಪಾಂಡವಪುರದ ಸಹಕಾರಿ ಕಾರ್ಖಾನೆ ನಿಂತು 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಮಂಡ್ಯದ ಕಾರ್ಖಾನೆ ಕೆಲವು ಹಂಗಾಮುಗಳು ನಿಂತು 2022ರಲ್ಲಿ ಸರ್ಕಾರದ ನೆರವಿನಿಂದ ಮತ್ತೆ ಆರಂಭವಾಯಿತು.

ಇದಕ್ಕೆ ರೈತನು ಕಂಡುಕೊಂಡ ಹಳೆಯ ಉಪಾಯ ಆಲೆಮನೆ. ಕಾರ್ಖಾನೆ ಕೊಡುವ ಬೆಲೆಗಿಂತ ಬೆಲ್ಲದಿಂದ ಕಡಮೆ ಬಂದರೂ ಆಲೆಮನೆಗೆ ಹಾಕುವವರುಂಟು. ಅವಿವೇಕವೆಂದು ಇದನ್ನು ತಳ್ಳಿಹಾಕಲಾಗದು: ಬೆಲ್ಲದ ಬೆಲೆ ಮಂಡ್ಯದ ಮಾರುಕಟ್ಟೆಯಲ್ಲಿ ಕಣ್ಣೆದುರಿಗೆ ಹರಾಜಿನಲ್ಲಿ ಗೊತ್ತಾಗುತ್ತದೆ, ಹಣ ಬೇಗ ಕೈಗೆ ಬರುತ್ತದೆ. ಬೇಗ ಬರುವ ಕಡಮೆ ಹಣಕ್ಕೆ ಸಾಲಗಾರನ ಮನೆಯಲ್ಲಿ ಬೆಲೆ ಹೆಚ್ಚು. ಗಾಣದ ಬಳಿಯಲ್ಲಿಯೂ ಕುದಿಯುವ ಕೊಪ್ಪರಿಗೆಯ ಮುಂದೆಯೂ ಈಗ ಅನೇಕ ಕಡೆ ದುಡಿಯುತ್ತಿರುವವರು ಉತ್ತರಪ್ರದೇಶದಿಂದ ಬಂದ ಆಳುಗಳು. ಕೃಷ್ಣರಾಜಪೇಟೆಯ ಯುವಕನು ಮುಂಬಯಿಗೆ ಹೋಗುತ್ತಾನೆ, ಅಲ್ಲಿಂದಲೂ ಉತ್ತರದವನು ಪಾಂಡವಪುರದ ಬೆಲ್ಲದ ಒಲೆಯ ಮುಂದೆ ಬಂದು ನಿಲ್ಲುತ್ತಾನೆ. ನಮ್ಮವರು ಕೆಲಸಕ್ಕೆ ಬರುವುದಿಲ್ಲವೆಂದು ಮಾಲೀಕರು ಗೊಣಗುವುದು ವಾಡಿಕೆ. ಹಗಲಿರುಳು ಬೆಂಕಿಯೆದುರು ನಿಲ್ಲುವ ಆ ಕೂಲಿಗೆ ಬೆಂಗಳೂರಿನ ಕೂಲಿಯನ್ನು ಹೋಲಿಸಿ ನೋಡುವ ಬುದ್ಧಿ ನಮ್ಮವರಿಗೂ ಉಂಟೆಂಬುದನ್ನು ಅವರು ಮರೆಯುತ್ತಾರೆ.

ಹಾಲನ್ನು ಕುರಿತು ಒಂದೆರಡು ಮಾತು ಸಾಕು. ಗೆಜ್ಜಲಗೆರೆಯ ಒಕ್ಕೂಟದ ಮೂಲಕ ಹಳ್ಳಿಯ ಹಾಲು ನಗರವನ್ನು ಸೇರುತ್ತದೆ. ಬೆಳಗು ಸಂಜೆ ಅಳತೆ, ಕೆಲವೇ ದಿನಗಳಲ್ಲಿ ಹಣ, ಎಷ್ಟೋ ಕಡೆ ಹೆಂಗಸಿನ ಕೈಗೆ. ಇದೂ ದೂರದ ಪೇಟೆಯೊಡನೆ ಸಂಯೋಜನೆಯೇ; ಆದರೆ ಇಲ್ಲಿ ಕಾಯುವ ಅವಧಿ ಚಿಕ್ಕದು, ಒಂದು ವಾರದ ನಷ್ಟ ವರ್ಷವನ್ನು ಮುಳುಗಿಸುವುದಿಲ್ಲ. ದುಡಿಮೆಗೆ ಬಿಡುವೆಂಬುದೂ ಇಲ್ಲ, ಅದು ಬೇರೆ ಮಾತು.

ಈಗ ಕೂಡುದಾರಿಗೆ ಮರಳೋಣ. ಬೆಂಗಳೂರು ಮೈಸೂರುಗಳನ್ನು ಒಂದೇ ಪೇಟೆಯಾಗಿ ಮಾಡುವ ಕೆಲಸ ಕಳೆದ ದಶಕದಲ್ಲಿ ಭರದಿಂದ ನಡೆದಿದೆ. ರೈಲಿಗೆ ಜೋಡಿ ಹಳಿಗಳನ್ನು ಹಾಕಲು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಶಸ್ತ್ರಾಗಾರವೊಂದು ಅಡ್ಡವಾಗಿದ್ದಿತು. ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. 118 ಕಿಲೋಮೀಟರಿನ ಹೊಸ ಹೆದ್ದಾರಿಯನ್ನು ಸುಮಾರು 8,480 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಕಟ್ಟಿ 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಗೆಜ್ಜಲಗೆರೆಯಲ್ಲಿ ಉದ್ಘಾಟಿಸಿದರು. ಮೂರು ಗಂಟೆಯ ಪ್ರಯಾಣ ಅದರ ಅರ್ಧಕ್ಕೆ ಇಳಿಯಿತು. ಎರಡು ನಗರಗಳ ಕೈಗಾರಿಕೆಗೂ ವಾಣಿಜ್ಯಕ್ಕೂ ಇದರಿಂದ ಲಾಭವೆಂಬುದು ನಿರ್ವಿವಾದ. ಆದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಈ ದಾರಿ ಬದಿಗೆ ಬಿಟ್ಟು ಹೋಗುತ್ತದೆ. ಚನ್ನಪಟ್ಟಣದ ಬೊಂಬೆಯ ಅಂಗಡಿಗಳೂ ದಾರಿಬದಿಯ ಹೋಟೆಲುಗಳೂ ಬಾಳುತ್ತಿದ್ದುದು ವಾಹನ ನಿಲ್ಲುತ್ತಿದ್ದುದರಿಂದ. ಹಳೆಯ ರಸ್ತೆಯ ನಿಧಾನವೇ ಅವರ ಬಂಡವಾಳವಾಗಿದ್ದಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದು ರಾಜ್ಯಗಳ ನಡುವಣ ತೆರಿಗೆಯ ಕಟ್ಟೆಗಳು ಹೋದುವು. ಆರು ವರ್ಷಗಳ ಬಳಿಕ, ಅದೇ ಜುಲೈ 1ರಂದು, ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ ಹೊಸ ಹೆದ್ದಾರಿಯ ಸುಂಕದ ಕಟ್ಟೆ ಕೆಲಸವನ್ನು ಆರಂಭಿಸಿತು. ಸುಂಕದಕಟ್ಟೆ ಎಂಬ ಸ್ಥಳನಾಮ ನಮ್ಮ ಸೀಮೆಯಲ್ಲಿ ಇನ್ನೂ ಬಹುಕಾಲ ಅರ್ಥವನ್ನು ಉಳಿಸಿಕೊಳ್ಳುವಂತೆ ತೋರುತ್ತದೆ.

2023ರ ಆಗಸ್ಟ್ 1ರಿಂದ ಹೆದ್ದಾರಿಯ ನಡುದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಎತ್ತಿನ ಗಾಡಿಗಳಿಗೆ ಪ್ರವೇಶ ನಿಂತಿತು. ಅಪಘಾತಗಳ ಸಂಖ್ಯೆಯನ್ನು ನೋಡಿದರೆ ಈ ನಿಷೇಧ ಅನಾವಶ್ಯಕವಾಗಿರಲಿಲ್ಲ. ಅದರಿಂದ ಒಂದೇ ದಾರಿಯ ಅಗಲದಲ್ಲಿ ಎರಡು ಪೇಟೆಗಳು ಏರ್ಪಟ್ಟುವು: ನಡುವೆ ನಗರದಿಂದ ನಗರಕ್ಕೆ ಹೋಗುವುದು, ಪಕ್ಕದ ಸೇವಾ ರಸ್ತೆಯಲ್ಲಿ ಊರಿಂದ ಊರಿಗೆ ಹೋಗುವುದು. ಕಬ್ಬಿನ ಟ್ರ್ಯಾಕ್ಟರು, ಬೈಕಿನಲ್ಲಿ ಕೆಲಸಕ್ಕೆ ಹೋಗುವ ಯುವಕ, ಆಟೋದಲ್ಲಿ ಸಂತೆಗೆ ಹೋಗುವ ಹೆಂಗಸರು ಎಲ್ಲರೂ ಈ ಎರಡನೆಯದರಲ್ಲಿದ್ದಾರೆ. ಎಪ್‌ಸ್ಟೈನ್ ಮಾಡಿದಂಥ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಲ್ಲಿ ಮತ್ತೆ ಮಾಡಬಹುದು. ಶ್ರೀರಂಗಪಟ್ಟಣದ ನಾಲೆಯ ಒಂದು ಊರು, ನಾಗಮಂಗಲದ ಒಂದು ಒಣ ಊರು ಇವನ್ನು ಆರಿಸಿಕೊಂಡು, ಪ್ರತಿಯೊಂದು ಮನೆಯಲ್ಲಿ ಯಾರು ಯಾವ ದಾರಿಯಲ್ಲಿ ಎಷ್ಟು ದೂರ ಕೆಲಸಕ್ಕೆ ಹೋಗುತ್ತಾರೆ, ದುಡಿದ ದಿನಕ್ಕೂ ಹಣ ಬಂದ ದಿನಕ್ಕೂ ಎಷ್ಟು ಅಂತರ, ಆ ಅಂತರವನ್ನು ಯಾರ ಸಾಲದಿಂದ ತುಂಬಿಕೊಂಡರು ಎಂಬುದನ್ನು ಒಂದು ವರ್ಷ ಬರೆದಿಡಬೇಕು. ಕಬ್ಬಿನ ಹಂಗಾಮಿನಲ್ಲಿ ಒಂದು ವಾರ, ಹಂಗಾಮು ಮುಗಿದ ಮೇಲೆ ಒಂದು ವಾರ, ಕಿರಂಗೂರಿನ ಕೂಡುದಾರಿಯಲ್ಲಿ ಬೆಳಗಿನ ಐದರಿಂದ ಒಂಬತ್ತರವರೆಗೆ ಕುಳಿತು, ಪಾಂಡವಪುರದ ಕಡೆಯಿಂದ ಬಂದವರಲ್ಲಿ ಎಷ್ಟು ಮಂದಿ ಮೈಸೂರಿನ ಕಡೆಗೂ ಎಷ್ಟು ಮಂದಿ ಮಂಡ್ಯದ ಕಡೆಗೂ ತಿರುಗಿದರೆಂಬುದನ್ನು ಎಣಿಸುವುದರಿಂದ ಕೆಲಸವನ್ನು ಆರಂಭಿಸಬಹುದು.